ದೊಡ್ಡಮ್ಮನ ಎರಡು ಟ್ರಂಕು: ನಾಟಕದ ಕಾಗದ, ಸಿನಿಮಾ ಫೋಟೊ. ಒಟ್ಟಿಗೆ ಇಡಲಾ, ಹಂಚಿಬಿಡಲಾ?

'ಟ್ರಂಕಿನ ಕೀಲಿ' ಅನ್ನೋ ಹೆಸರಿನವರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಯ್ತು, ಬೇಜಾರು ಮಾಡ್ಕೋಬೇಡಿ.

ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಕಂಪನಿ ನಾಟಕದಲ್ಲಿ ಪಾರ್ಟು ಮಾಡುತ್ತಿದ್ದರು. ಹನ್ನೆರಡನೇ ವಯಸ್ಸಿಗೆ ಬಣ್ಣ ಹಚ್ಚಿದವರು. ಇಪ್ಪತ್ತು ದಾಟಿದ ಮೇಲೆ ಮದ್ರಾಸಿಗೆ ಹೋದರು. ಆಗ ಕನ್ನಡ ಸಿನಿಮಾ ಅಂದರೆ ಜಾಸ್ತಿ ಅಲ್ಲಿನ ಸ್ಟುಡಿಯೋಗಳಲ್ಲೇ ತಾನೇ. ಅತ್ತಿಗೆ, ಸಖಿ, ಮಗು ಕಳೆದುಕೊಂಡ ತಾಯಿ, ಹೀಗೆ ಸಣ್ಣಪುಟ್ಟ ಪಾತ್ರ. ಐದು ವರ್ಷ ಅಲ್ಲಿದ್ದು 1964ರಲ್ಲಿ ವಾಪಸ್ ಬಂದು ಮತ್ತೆ ನಾಟಕ ಹಿಡಿದರು. ಕೊನೆಕೊನೆಗೆ ಟೀವಿ ಧಾರಾವಾಹಿಯಲ್ಲಿ ಎರಡು ವರ್ಷ ಅಜ್ಜಿ. ಮದುವೆ ಆಗಲಿಲ್ಲ. ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡರು. 86 ವರ್ಷ.

ತುಮಕೂರಿನ ಮನೆ ಮಾರಬೇಕು, ದೀಪಾವಳಿ ಒಳಗೆ ಖಾಲಿ ಮಾಡಬೇಕು. ಅಟ್ಟದಿಂದ ಇಳಿಸಿದ್ದು ಇಷ್ಟು: ಎರಡು ಕಬ್ಬಿಣದ ಟ್ರಂಕು, ಒಂದು ಬಣ್ಣದ ಪೆಟ್ಟಿಗೆ, ಸಿನಿಮಾ ರೀಲಿನ ಒಂದು ಟಿನ್ನು, ಒಂದು ಬಿಸ್ಕತ್ ಡಬ್ಬಿ.

ಮೊದಲನೇ ಟ್ರಂಕಿನಲ್ಲಿ ಸಿನಿಮಾ. ಸ್ಟಿಲ್ ಫೋಟೊ ನೂರರ ಮೇಲಿದೆ. ನಾಲ್ಕೈದರಲ್ಲಿ ದೊಡ್ಡ ನಟರ ಪಕ್ಕ ನಿಂತಿದ್ದಾರೆ. ಮನೆಯವರ ಕಣ್ಣೆಲ್ಲ ಇದರ ಮೇಲೆ. ತಮ್ಮನಿಗೆ ಆ ಫೋಟೊಗಳಿಗೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ಹಾಕಬೇಕಂತೆ. ಹಳೇ ಸಾಮಾನು ಕೊಳ್ಳುವ ಒಬ್ಬರು ಬಂದು ನೋಡಿ, 'ಈ ಟ್ರಂಕಿಗೆ ಹದಿನೈದು ಸಾವಿರ ಕೊಡ್ತೀನಿ, ಅದು ಬೇಡ' ಅಂದರು. 'ಅದು' ಅಂದಿದ್ದು ಎರಡನೇ ಟ್ರಂಕಿಗೆ.

ಎರಡನೆಯದರಲ್ಲಿ ನಾಟಕ. ಪಾರ್ಟು ಬರೆದುಕೊಂಡ ನೋಟ್‌ಬುಕ್ಕು ಹದಿನಾಲ್ಕು. ಹ್ಯಾಂಡ್‌ಬಿಲ್ಲು ಒಂದು ಕಟ್ಟು, ಗುಲಾಬಿ, ಹಳದಿ, ಹಸಿರು ಕಾಗದ. ಒಂದರಲ್ಲೂ ಇಸವಿ ಇಲ್ಲ! 'ಶನಿವಾರ, ಫೆಬ್ರವರಿ 14, ರಾತ್ರಿ 9-30ಕ್ಕೆ, ಕುರ್ಚಿ 1 ರೂ., ನೆಲ 4 ಆಣೆ' ಅಂತ ಇರುತ್ತೆ, ಅಷ್ಟೇ. ಜೊತೆಗೆ ಜರಿ ಸೀರೆ ಮೂರು, ಮೂರು ಕ್ಯಾಸೆಟ್ಟು, ಕಲಾವಿದರ ಮಾಸಾಶನಕ್ಕೆ ಹಾಕಿದ ಅರ್ಜಿಯ ಪ್ರತಿಗಳು. ಹ್ಯಾಂಡ್‌ಬಿಲ್ಲು ಉಳಿದಿರುವುದೇ ಆ ಅರ್ಜಿಯಿಂದ. 'ನೀವು ಕಲಾವಿದೆ ಅನ್ನೋದಕ್ಕೆ ದಾಖಲೆ ಏನು' ಅಂತ ಕೇಳಿದ್ದರಂತೆ. ನಲವತ್ತು ವರ್ಷ ಬಣ್ಣ ಹಚ್ಚಿದವರಿಗೆ! ಸಾಲದ್ದಕ್ಕೆ ಒಂದೊಂದು ಕಂಪನಿಯಲ್ಲಿ ತಮಗೆ ಒಂದೊಂದು ಹೆಸರು ಇಟ್ಟುಕೊಂಡಿದ್ದರು. ಮೂರು ಹೆಸರೂ ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿದ್ದಾರೆ.

ಬಿಸ್ಕತ್ ಡಬ್ಬಿ ತುಂಬ ಮನಿಯಾರ್ಡರ್ ರಸೀದಿ. ಮನೆಗೆ ಕಳಿಸಿದ ದುಡ್ಡು, 15 ರೂಪಾಯಿ, 20 ರೂಪಾಯಿ. ಕೆಲವಕ್ಕೆ ನಮ್ಮ ಅಜ್ಜಿಯ ಹೆಬ್ಬೆಟ್ಟು ಇದೆ. ಇದನ್ನು ಎಸೆಯಬಹುದು ಅಂದುಕೊಂಡಿದ್ದೇನೆ. ಇನ್ನೊಂದು ಕಟ್ಟು ಕಾಗದ ನೀಲಿ ಲೇಸಿನಲ್ಲಿ ಕಟ್ಟಿದೆ. ಮೇಲೆ ಚೀಟಿ: 'ಇದು ನನ್ನದು. ಓದಬೇಡಿ.' ಇನ್ನೂ ಬಿಚ್ಚಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಇದನ್ನೆಲ್ಲ ಯಾರಾದರೂ ತೆಗೆದುಕೊಳ್ಳುತ್ತಾರಾ? ಸಿನಿಮಾದ್ದು ಒಂದು ಕಡೆ, ನಾಟಕದ್ದು ಒಂದು ಕಡೆ ಕೊಡಬಹುದಾ? ಅಲ್ಲಿಯವರೆಗೆ ಹೇಗೆ ಇಡಬೇಕು? ಟಿನ್ನು ತೆರೆದರೆ ಉಪ್ಪಿನಕಾಯಿ ಭರಣಿ ತೆರೆದ ಹಾಗೆ ಹುಳಿ ವಾಸನೆ.

ಭಯ ಯಾಕೆ ಅಂದರೆ, ಹಿಂದೆ ಒಂದು ಸಂಸ್ಥೆಯವರು ಪ್ರದರ್ಶನಕ್ಕೆ ಅಂತ 22 ಫೋಟೊ ತೆಗೆದುಕೊಂಡು ಹೋಗಿದ್ದರು. ಒಂದೂ ವಾಪಸ್ ಬರಲಿಲ್ಲ. ದೊಡ್ಡಮ್ಮನ ಹತ್ತಿರ ಉಳಿದಿದ್ದು '22 ಫೋಟೊ ಪಡೆದಿದ್ದೇನೆ' ಅನ್ನೋ ಚೀಟಿ, ಕೆಳಗೆ ಓದಲಾಗದ ಒಂದು ಸಹಿ. ಆ ಚೀಟಿಯನ್ನೂ ಜೋಪಾನವಾಗಿ ಇಟ್ಟಿದ್ದಾರೆ.

---

ಪೆನ್ಸಿಲ್ 2ಬಿ ಬರೆದದ್ದು:

31 ವರ್ಷ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದವನು ನಾನು. ಹಾಗಾಗಿ ಸ್ವಲ್ಪ ಮೇಷ್ಟ್ರ ಥರ ಮಾತಾಡ್ತೀನಿ.

ಮೊದಲು ಆ ಟಿನ್ನು. ಇವತ್ತೇ ಬೇರೆ ಮಾಡಿ. ಹುಳಿ ವಾಸನೆ ಅಂದರೆ ಅಸಿಟೇಟ್ ಅನ್ನೋ ಬಗೆಯ ಫಿಲ್ಮು ಕೆಡುತ್ತಿದೆ ಅಂತ ಅರ್ಥ. ಆ ಆವಿ ಪಕ್ಕದಲ್ಲಿರುವ ಬೇರೆ ಫಿಲ್ಮನ್ನೂ ಫೋಟೊಗಳನ್ನೂ ಕೆಡಿಸುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಬೇಡಿ. ತಂಪಾಗಿ, ಗಾಳಿ ಆಡುವ ಜಾಗದಲ್ಲಿ, ಬಿಸಿಲು ಬೀಳದ ಹಾಗೆ ಇಡಿ. ಬಿಚ್ಚಿ ನೋಡುವ ಆಸೆ ಬೇಡ. ಇನ್ನೂ ಒಂದು ಮಾತು: 1950ರ ದಶಕದ ಮೊದಲ ಭಾಗದ ಫಿಲ್ಮಾದರೆ ನೈಟ್ರೇಟ್ ಅನ್ನೋ ಹಳೇ ಬಗೆಯ ಫಿಲ್ಮು ಕೂಡ ಇರಬಹುದು. ಅದು ಅಂಟಂಟಾಗುತ್ತೆ, ಕಂದು ಪುಡಿ ಉದುರುತ್ತೆ. ಅದಕ್ಕೆ ಬೆಂಕಿ ಹತ್ತಿದರೆ ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. 2003ರಲ್ಲಿ ಪುಣೆಯಲ್ಲಿ ಹಳೇ ಫಿಲ್ಮಿನ ಗೋದಾಮಿಗೆ ಬೆಂಕಿ ಬಿದ್ದು ಎಷ್ಟೋ ಸಿನಿಮಾ ಹೋದವು. ದೇವರ ಮನೆ, ಅಡುಗೆ ಮನೆ ಹತ್ತಿರ ಇಡಲೇಬೇಡಿ. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ಗೆ ಫೋನ್ ಮಾಡಿ, ಟಿನ್ನಿನ ಮೇಲೆ ಏನು ಬರೆದಿದೆ ಅಂತ ಹೇಳಿ. 1964ರಿಂದ ಹಳೇ ಫಿಲ್ಮು ಕಾಪಾಡೋದೇ ಅವರ ಕೆಲಸ. ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೂಡ ಇದೆ. ಸುಮ್ನೆ ಭಾವುಕತೆಯಿಂದ ಹೇಳುತ್ತಿಲ್ಲ. ನಮ್ಮ ಮೊದಲ ಕನ್ನಡ ಟಾಕಿ ಚಿತ್ರ 1934ರದ್ದು, ಇವತ್ತು ಅದರ ಒಂದು ಪ್ರತಿಯೂ ಸಿಗುವುದಿಲ್ಲ. ಫಿಲ್ಮಿನಲ್ಲಿರುವ ಬೆಳ್ಳಿ ತೆಗೆಯೋದಕ್ಕೆ ಅಂತಲೇ ರೀಲುಗಳನ್ನು ತೂಕಕ್ಕೆ ಮಾರುತ್ತಿದ್ದ ಕಾಲ ಒಂದಿತ್ತು.

ಇನ್ನು ಕಾಗದ. ಲ್ಯಾಮಿನೇಷನ್ ಮಾಡಿಸಬೇಡಿ! ದೊಡ್ಡಕ್ಷರದಲ್ಲಿ ಬರೆದಿದ್ದೇನೆ ಅಂದುಕೊಳ್ಳಿ. ಊರಲ್ಲಿ ಹಳೇ ಕಾಗದ ಕಂಡರೆ ಸಾಕು, ಝೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಟ್ ಮಾಡಿಸುವ ಚಟ ಇದೆ. ಆ ಬಿಸಿ, ಆ ಅಂಟು, ಮತ್ತೆ ಬಿಡಿಸಲು ಆಗುವುದೇ ಇಲ್ಲ. ಸೆಲ್ಲೋಟೇಪೂ ಬೇಡ. ತುಕ್ಕು ಹಿಡಿದ ಗುಂಡುಸೂಜಿ, ಜೆಮ್ ಕ್ಲಿಪ್ ಇದ್ದರೆ ನಿಧಾನಕ್ಕೆ ತೆಗೆಯಿರಿ. ಬೇವಿನ ಸೊಪ್ಪನ್ನು ಪುಟಗಳ ಮಧ್ಯೆ ಇಡಬೇಡಿ, ಕಲೆ ಆಗುತ್ತೆ. ಬಟ್ಟೆಯಲ್ಲಿ ಗಂಟು ಕಟ್ಟಿ ಮೂಲೆಯಲ್ಲಿಡಿ. ಫೋಟೊ ಹಿಂದೆ ಬರೆಯಬೇಕಾದರೆ ಮೆತ್ತನೆ ಪೆನ್ಸಿಲ್ಲು, ಅದೂ ಅಂಚಿನಲ್ಲಿ. ಬಾಲ್ ಪೆನ್ನಿನಲ್ಲಿ ಬರೆದರೆ ಮುಂದೆ ಮುಖದ ಮೇಲೆ ಗೀರು ಏಳುತ್ತದೆ. ಕ್ಯಾಸೆಟ್ಟಿನ ಹಿಂದುಗಡೆ ಎರಡು ಪುಟ್ಟ ಪ್ಲಾಸ್ಟಿಕ್ ತುಂಡು ಇರುತ್ತೆ ನೋಡಿ, ಅದನ್ನು ಮುರಿದುಬಿಡಿ. ಯಾರೂ ಅದರ ಮೇಲೆ ತಪ್ಪಿ ಭಜನೆ ರೆಕಾರ್ಡ್ ಮಾಡುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಹಂಚಬೇಡಿ. ಟ್ರಂಕಿನಲ್ಲಿ ಯಾವುದರ ಪಕ್ಕ ಯಾವುದಿತ್ತು ಅನ್ನೋದೂ ಒಂದು ದಾಖಲೆಯೇ. ಮೇಲಿನಿಂದ ಕೆಳಕ್ಕೆ ಪದರ ಪದರವಾಗಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಆಮೇಲೆ ಕೈ ಹಾಕಿ. ಒಂದು ಪಟ್ಟಿ ಮಾಡಿ: ನಂಬರು, ಏನು, ಎಷ್ಟು, ಎಲ್ಲಿತ್ತು. ತಮ್ಮನಿಗೆ ಹಾಲ್‌ಗೆ ಫೋಟೊ ಬೇಕಾದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ಪ್ರಿಂಟು ಹಾಕಿಸಿಕೊಡಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿಸಿ. ಸ್ಟುಡಿಯೋ ಸೀಲು ಇರೋದು ಅಲ್ಲೇ.

ಎಲ್ಲವನ್ನೂ ಒಟ್ಟಿಗೆ ಕೊಡುವ ಮನಸ್ಸಿದ್ದರೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ. ಮುಂಬೈನಲ್ಲಿ ಸ್ಪ್ಯಾರೋ ಅಂತ ಇದೆ, 1988ರಲ್ಲಿ ಶುರುವಾದದ್ದು, ಹೆಂಗಸರ ಬದುಕಿನ ದಾಖಲೆಗಳಿಗಾಗಿಯೇ ಇರುವ ಸಂಗ್ರಹ. ದೆಹಲಿಯ ನಟರಂಗ ಪ್ರತಿಷ್ಠಾನ ನಾಟಕದ ಕಾಗದ ಕೂಡಿಡುತ್ತದೆ. ಯಾರಿಗೇ ಕೊಟ್ಟರೂ ಪಟ್ಟಿ ಸಮೇತ ಬರವಣಿಗೆಯಲ್ಲಿ ಕೊಡಿ. ಎರಡೂ ಕಡೆ ಸಹಿ, ಹೆಸರು, ಹುದ್ದೆ, ಸೀಲು. ಆ 22 ಫೋಟೊದ ಚೀಟಿಯನ್ನೂ ಪಟ್ಟಿಗೆ ಸೇರಿಸಿ.

---

ಪೇಟಿ ಮಾಸ್ತರ ಮಗ ಬರೆದದ್ದು:

ಅಕ್ಕಾರ, ಆ ಬಿಸ್ಕತ್ ಡಬ್ಬಿ ಎಸೆಯಬ್ಯಾಡ್ರಿ! ಅದನ್ನ ಓದಿ ನನಗೆ ಎದಿ ಧಸಕ್ ಅಂತು.

ನಮ್ಮಪ್ಪ ಕಂಪನಿಯಲ್ಲಿ ಪೇಟಿ ಮಾಸ್ತರ, ಅಂದ್ರ ಹಾರ್ಮೋನಿಯಂ ನುಡಿಸೋರು. ನಾನು ಹುಟ್ಟಿದ್ದು ಗದಗ ಕ್ಯಾಂಪಿನಲ್ಲಿ, ನನ್ನ ತಮ್ಮ ಇಳಕಲ್ಲ ಕ್ಯಾಂಪಿನಲ್ಲಿ. ಕಂಪನಿ ಊರಿಂದ ಊರಿಗೆ ಹೋಗುತ್ತಿತ್ತು. ಒಂದೂರಲ್ಲಿ ಮೂರು ತಿಂಗಳು, ಕಲೆಕ್ಷನ್ ಚಲೋ ಇದ್ದರೆ ಆರು ತಿಂಗಳು. ಯಾವ ವರ್ಷ ಯಾವ ಊರಲ್ಲಿದ್ದೆವು ಅಂತ ಯಾರೂ ಬರೆದಿಡಲಿಲ್ಲ. ಆದರೆ ಪೋಸ್ಟಾಫೀಸಿನವರು ಬರೆದಿಟ್ಟಾರ! ಮನಿಯಾರ್ಡರ್ ರಸೀದಿ ಮೇಲಿನ ಗುಂಡು ಸಿಕ್ಕಾ, ಅಂದ್ರ ಸೀಲು ನೋಡ್ರಿ. ಊರಿನ ಹೆಸರು, ತಾರೀಖು, ಇಸವಿ ಎಲ್ಲ ಇರುತ್ತದೆ. ತಿಂಗಳಿಗೊಂದು ಕಳಿಸಿದ್ದರೆ ನಿಮ್ಮ ದೊಡ್ಡಮ್ಮನವರು ತಿಂಗಳ ತಿಂಗಳ ಎಲ್ಲಿದ್ದರು ಅನ್ನೋದು ಸಾಲಾಗಿ ಸಿಗುತ್ತದೆ.

ಈಗ ಇಸವಿ ಇಲ್ಲದ ಹ್ಯಾಂಡ್‌ಬಿಲ್ಲು. ಕಂಪನಿ ಮಾಲೀಕರಿಗೆ ಇಸವಿ ಯಾಕೆ ಬೇಕು, ಬರೋ ಶನಿವಾರ ಜನ ಬಂದರೆ ಸಾಕಲ್ಲ. ಆದರೆ ವಾರ, ತಾರೀಖು ಎರಡೂ ಇದ್ದರೆ ಅರ್ಧ ಕೆಲಸ ಆದಂಗ. ಒಂದೇ ತಾರೀಖಿಗೆ ಅದೇ ವಾರ ಐದು, ಆರು ಇಲ್ಲವೇ ಹನ್ನೊಂದು ವರ್ಷಕ್ಕೊಮ್ಮೆ ಬರುತ್ತದೆ. ನಿಮ್ಮ ಫೆಬ್ರವರಿ 14 ಶನಿವಾರ ಬಿದ್ದಿದ್ದು 1948, 1953, 1959, ಆಮೇಲೆ 1970. ಈಗ ಟಿಕೀಟಿನ ದರ ನೋಡ್ರಿ, ನೆಲ 4 ಆಣೆ. 1957ರ ಏಪ್ರಿಲ್ 1ಕ್ಕೆ ಆಣೆ ಬದಲಿಗೆ ನಯೇ ಪೈಸೆ ಬಂತು. ಬಾಯಲ್ಲಿ ಆಣೆ ಬಾಳ ದಿನ ಉಳಿಯಿತು ಖರೆ, ಆದರೆ ಹ್ಯಾಂಡ್‌ಬಿಲ್ಲಿನಲ್ಲಿ ಬರೀ ಆಣೆ ಇದ್ದರೆ ಅದಕ್ಕಿಂತ ಮುಂಚಿನದು ಅಂತ ನಾನು ಹಿಡೀತೀನಿ. 'ನಯೇ' ಅನ್ನೋ ಶಬ್ದ 1964ರ ಜೂನಿನಲ್ಲಿ ಹೋಯಿತು, ಅಲ್ಲಿಂದ ಬರೀ ಪೈಸೆ. 'ಮೈಸೂರು ರಾಜ್ಯ' ಅಂತಿದ್ದರೆ 1973ರ ನವೆಂಬರ್ 1ಕ್ಕಿಂತ ಮೊದಲು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟಿನ ನಂತರ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು, ಊರು ಇರುತ್ತದೆ, ಅದನ್ನೂ ಓದ್ರಿ.

ಬಣ್ಣದ ಪೆಟ್ಟಿಗೆ ಬಗ್ಗೆ ಯಾರೂ ಹೇಳಲಿಲ್ಲ. ಮಕ್ಕಳ ಕೈಗೆ ಕೊಡಬ್ಯಾಡ್ರಿ. ಹಳದಿ ಪುಡಿ ಇದ್ದರೆ ಅದು ಅರದಾಳ, ಅದರೊಳಗೆ ಪಾಷಾಣ ಇರುತ್ತದೆ. ಕೆಂಪು ಇಂಗಳೀಕ, ಅದರಲ್ಲಿ ಪಾದರಸ. ಇವನ್ನ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ದಿನಾ ರಾತ್ರಿ ಮುಖಕ್ಕೆ ಬಳಿದುಕೊಳ್ಳುತ್ತಿದ್ದರು ನಮ್ಮ ಮಂದಿ. ಕೈಗವಸು ಹಾಕಿಕೊಂಡು ಮುಟ್ಟಿರಿ, ಡಬ್ಬಿ ಮುಚ್ಚಳಕ್ಕೆ ಚೀಟಿ ಅಂಟಿಸಿರಿ. ಯಾರಿಗಾದರೂ ಕೊಡುವಾಗ ಮೊದಲೇ ಹೇಳಿರಿ.

ಪಾರ್ಟಿನ ಪುಸ್ತಕದಲ್ಲಿ ಪೂರಾ ನಾಟಕ ಇರೋದಿಲ್ಲ. ನಿಮ್ಮ ಮಾತು ಅಷ್ಟೇ, ಅದಕ್ಕಿಂತ ಮುಂಚೆ ಎದುರಿನವರ ಕೊನೇ ಎರಡು ಶಬ್ದ. ಇಡೀ ನಾಟಕ ಕೊಟ್ಟರೆ ನಟರು ಅದನ್ನ ಬೇರೆ ಕಂಪನಿಗೆ ಒಯ್ದಾರು ಅಂತ ಮಾಲೀಕರಿಗೆ ಅಂಜಿಕೆ. ಹಾಡಿನ ಮೇಲೆ ರಾಗ, ತಾಳ, 'ಕಪ್ಪು ಎರಡು' ಅಂತೇನಾದರೂ ಬರೆದಿದ್ದರೆ ಅದು ಪೇಟಿಯ ಶ್ರುತಿ. ಅಂಥ ಪುಟ ಇದ್ದರೆ ಒಂದು ಫೋಟೊ ಇಲ್ಲಿ ಹಾಕಿರಿ, ದಯಮಾಡಿ.

---

ನೇರ ಮಾತು ಬರೆದದ್ದು:

ಎಲ್ಲರೂ ಇಡಿ ಇಡಿ ಅಂತಾರೆ. ನಾನು ಬೇರೆ ಹೇಳ್ತೀನಿ. ನೀಲಿ ಲೇಸಿನ ಕಟ್ಟು ಸುಟ್ಟುಬಿಡಿ. ಓದಬೇಡಿ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ನಟಿ ಆದ ಮಾತ್ರಕ್ಕೆ ಎಲ್ಲವೂ ಸಾರ್ವಜನಿಕ ಆಸ್ತಿನಾ? ಬದುಕಿರುವಾಗ ಊರಿನವರು ಆಡಿಕೊಂಡಿದ್ದು ಸಾಲದಾ?

ಮತ್ತೆ ಸಿನಿಮಾ ಟ್ರಂಕಿಗೆ ದುಡ್ಡು ಬರುತ್ತೆ ಅಂದರೆ ತಗೊಳ್ಳಿ. ಕೊನೆಗಾಲದಲ್ಲಿ ಔಷಧಿ ಖರ್ಚು ಯಾರು ನೋಡಿಕೊಂಡರು, ಸರ್ಕಾರನಾ?

---

ಪೆನ್ಸಿಲ್ 2ಬಿ ಮತ್ತೆ ಬರೆದದ್ದು:

ಮೊದಲ ಅರ್ಧಕ್ಕೆ ನನ್ನ ಒಪ್ಪಿಗೆ ಇದೆ, ಕಡ್ಡಿ ಗೀರುವುದಕ್ಕೆ ಮಾತ್ರ ಇಲ್ಲ. 'ಓದಬೇಡಿ' ಅಂದಿದ್ದಾರೆ, 'ಸುಡಿ' ಅಂದಿಲ್ಲ. ಸುಡುವ ಮನಸ್ಸಿದ್ದರೆ ಅವರೇ ಸುಡುತ್ತಿದ್ದರು. ಒಲೆ ಮನೆಯಲ್ಲೇ ಇತ್ತು ಅಲ್ವಾ. ಆ ಕಟ್ಟನ್ನು ಬಿಚ್ಚದೆ ಲಕೋಟೆಗೆ ಹಾಕಿ ಅಂಟಿಸಿ, ಇಷ್ಟು ವರ್ಷ ತೆರೆಯಬಾರದು ಅಂತ ಷರತ್ತು ಬರೆದು ಕೊಡಬಹುದು. ಷರತ್ತು ಒಪ್ಪದವರಿಗೆ ಕೊಡಬೇಡಿ. ಇನ್ನೊಂದು, ಕಾಗದದ ಹಾಳೆ ನಿಮ್ಮದಾದರೂ ಅದರಲ್ಲಿನ ಬರಹದ ಹಕ್ಕು ಬರೆದವರದು. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೂ ಆ ಹಕ್ಕು ಬಹಳ ವರ್ಷ ಇರುತ್ತೆ. ಅಚ್ಚು ಹಾಕುವ ಮಾತು ಸದ್ಯಕ್ಕಿಲ್ಲ.

ದುಡ್ಡಿನ ವಿಷಯದಲ್ಲೂ ತಪ್ಪಿಲ್ಲ. ನಮ್ಮ ಡಾರ್ಜಿಲಿಂಗ್‌ನಲ್ಲಿ ಹುಟ್ಟಿದ ಇಂಗ್ಲಿಷ್ ನಟಿ ವಿವಿಯನ್ ಲೀ ಇದ್ದರಲ್ಲ, ಅವರೂ ನಾಟಕ, ಸಿನಿಮಾ ಎರಡೂ ಮಾಡಿದವರು. ಅವರ ಡೈರಿ, ಸಾವಿರಾರು ಕಾಗದ, ಗುರುತು ಹಾಕಿಕೊಂಡ ಸ್ಕ್ರಿಪ್ಟು ಎಲ್ಲವನ್ನೂ 2013ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಕುಟುಂಬದವರಿಂದ ಕೊಂಡುಕೊಂಡಿತು. ಒಟ್ಟಿಗೆ. ನಿಮ್ಮ ಗಿರಾಕಿ ಕೇಳುತ್ತಿರುವುದು ದೊಡ್ಡ ನಟರ ಮುಖ ಇರುವ ನಾಲ್ಕೈದು ಫೋಟೊ. ನಿಮ್ಮ ದೊಡ್ಡಮ್ಮನ್ನ ಅಲ್ಲ. ಅವರ ಜಾಗ ಆ ಫೋಟೊದ ಅಂಚಿನಲ್ಲಿ, ಫ್ರೇಮು ಹಾಕುವವರು ಮೊದಲು ಕತ್ತರಿಸುವುದೇ ಅಲ್ಲಿ.

---

ಟ್ರಂಕಿನ ಕೀಲಿ ಮತ್ತೆ ಬರೆದದ್ದು:

ಹತ್ತು ದಿನ ಆಯ್ತು, ತಡವಾಗಿದ್ದಕ್ಕೆ ಕ್ಷಮಿಸಿ. ಪದರ ಪದರವಾಗಿ ಫೋಟೊ ತೆಗೆದು ಪಟ್ಟಿ ಮಾಡ್ತಾ ಇದ್ದೆ. 212ರವರೆಗೆ ಬಂದಿದ್ದೇನೆ. ಟಿನ್ನು ಈಗ ಹಿಂದಿನ ಬಾಲ್ಕನಿ ನೆರಳಲ್ಲಿ ಒಂದೇ ಇದೆ. ಮೇಲೆ ಬರೆದದ್ದು ತುಕ್ಕಲ್ಲಿ ಹೋಗಿದೆ, 'ರೀಲ್ 3' ಅಂತ ಮಾತ್ರ ಕಾಣುತ್ತೆ. ಸೋಮವಾರ ಪುಣೆಗೆ ಫೋನ್ ಮಾಡ್ತೀನಿ.

ಮಾಸ್ತರ ಮಗ ಅವರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗ್ತಿಲ್ಲ. ಆ ಫೆಬ್ರವರಿ 14ರ ಹ್ಯಾಂಡ್‌ಬಿಲ್ಲಿನ ಕೆಳಗೆ ದಾವಣಗೆರೆಯ ಪ್ರೆಸ್ಸಿನ ಹೆಸರಿದೆ. ಡಬ್ಬಿ ಸುರಿದು ಹುಡುಕಿದೆ. ದಾವಣಗೆರೆ ಸೀಲಿನ ರಸೀದಿ ನಾಲ್ಕು ಸಿಕ್ಕವು. ಅದರಲ್ಲಿ ಒಂದು 16 ಫೆಬ್ರವರಿ 1953, ಸೋಮವಾರ. 15 ರೂಪಾಯಿ. ಅಂದರೆ ಶನಿವಾರ, ಭಾನುವಾರ ನಾಟಕ ಆಗಿದೆ, ಸೋಮವಾರ ಬೆಳಗ್ಗೆ ಪೋಸ್ಟಾಫೀಸಿಗೆ ಹೋಗಿದ್ದಾರೆ. ಹದಿನೈದು ವರ್ಷದ ಹುಡುಗಿ. ಆ ದುಡ್ಡಿಗೆ ಅಜ್ಜಿ ಒತ್ತಿದ ಹೆಬ್ಬೆಟ್ಟಿನ ಚೀಟಿಯೂ ಹಿಂದೆಯೇ ಇತ್ತು. ಅಮ್ಮನಿಗೆ ತೋರಿಸಿದೆ. 'ನನಗಾಗ ಎರಡು ವರ್ಷ, ಈ ದುಡ್ಡಲ್ಲೇ ಹಾಲು ತಂದಿರಬೇಕು' ಅಂತ ಹೇಳಿ ಒಳಗೆ ಹೋದರು.

ತಮ್ಮ ಸ್ಕ್ಯಾನಿಗೆ ಒಪ್ಪಿದ್ದಾನೆ. ಗಿರಾಕಿಗೆ ಇಲ್ಲ ಅಂದೆವು. 'ಆಮೇಲೆ ಕೊಡ್ತೀನಿ ಅಂದ್ರೂ ತಗೊಳಲ್ಲ' ಅಂತ ಮುಖ ತಿರುಗಿಸಿ ಹೋದರು. ನೀಲಿ ಲೇಸು ಲಕೋಟೆಯಲ್ಲಿದೆ, ಅಂಟಿಸಿ ಅಮ್ಮನ ಸಹಿ ಹಾಕಿಸಿದ್ದೇನೆ.

'ಕಪ್ಪು ಎರಡು' ಅಂತ ಏಳನೇ ನೋಟ್‌ಬುಕ್ಕಿನಲ್ಲಿ ಇದೆ, ಫೋಟೊ ಹಾಕಿದ್ದೇನೆ ನೋಡಿ. ಅದು ದ್ರೌಪದಿ ಪಾರ್ಟು. ನಿನ್ನೆ ರಾತ್ರಿ ಆ ಪುಸ್ತಕದ ಪಟ್ಟಿ ಮಾಡುವಾಗ ಎದುರಿನವರ ಮಾತನ್ನು ಸುಮ್ನೆ ಜೋರಾಗಿ ಓದಿದೆ. '...ಸಭೆಗೆ ನಡೆ' ಅಂತ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ. 'ಯಾರು ಕರೆದರು? ಸೋತವನು ಕರೆದನೋ, ಗೆದ್ದವನು ಕರೆದನೋ?' ಅಂದರು.

ನಮ್ಮಮ್ಮ ಜೀವನದಲ್ಲಿ ಸ್ಟೇಜ್ ಹತ್ತಿದವರಲ್ಲ. ಮದ್ರಾಸಿನಿಂದ ವಾಪಸ್ ಬಂದ ಮೇಲೆ ದೊಡ್ಡಮ್ಮ ಹಿತ್ತಲಲ್ಲಿ ಪ್ರಾಕ್ಟೀಸು ಮಾಡುವಾಗ ಪುಸ್ತಕ ಹಿಡಿದು ಎದುರಿನ ಮಾತು ಓದುತ್ತಿದ್ದದ್ದು ಅಮ್ಮ ಅಂತೆ. ಹದಿಮೂರು ವರ್ಷ ಆಗ. ನನಗೆ ಇದು ಗೊತ್ತೇ ಇರಲಿಲ್ಲ.

ನಾನು ಮುಂದಿನ ಮಾತು ಓದಿದೆ. 'ಹಾಗಲ್ಲ' ಅಂದರು. 'ಅದು ದುಶ್ಶಾಸನ, ಅಷ್ಟು ಮೆತ್ತಗೆ ಹೇಳಿದ್ರೆ ಅಕ್ಕನಿಗೆ ಸಿಟ್ಟು ಬರ್ತಿರಲಿಲ್ಲ. ಇನ್ನೊಂದ್ಸಲ ಓದು.'

ಮೊಬೈಲಿನಲ್ಲಿ ರೆಕಾರ್ಡ್ ಹಾಕಿ ಇನ್ನೊಂದ್ಸಲ ಓದಿದೆ. ಇನ್ನೂ ಹದಿಮೂರು ಪುಸ್ತಕ ಇದೆ.